ದಿಗ್ವಿಜಯದ ಪೂರ್ವಸಿದ್ಧತೆ

ದೂರಪ್ರಯಾಣವೆಂಬುದು ಹೊರಡುವವನ ಪಾಲಿಗೆ ಸುಖ, ಹೊರಡಿಸುವವನ ಪಾಲಿಗೆ ವ್ರತ. ಅದರಲ್ಲಿಯೂ, ವಾಹನದ ಕಿವಿ ತಿರುಚಿದರೆ ಅದು ಮುಂದಕ್ಕೆ ಹೋಗುತ್ತದೆಂಬ ಏಕೈಕ ರಹಸ್ಯವನ್ನು ನಿನ್ನೆ ಮೊನ್ನೆ ಅರಿತುಕೊಂಡ ಮಹನೀಯರನ್ನು ಬೆನ್ನ ಹಿಂದಿಟ್ಟುಕೊಂಡು ನಾಲ್ಕು ತಾಲ್ಲೂಕುಗಳ ಪ್ರದಕ್ಷಿಣೆಗೆ ಯೋಜನೆ ಹಾಕುವವನು ಪೂರ್ವಜನ್ಮದಲ್ಲಿ ಯಾವ ಛತ್ರದ ಪಾರುಪತ್ಯವನ್ನು ಕೆಡಿಸಿ ಬಂದಿದ್ದನೋ ತಿಳಿಯದು.

ಈ ಯೋಜನೆಯ ಮೂಲದಲ್ಲಿ ಭಕ್ತಿಗಿಂತ ಲಜ್ಜೆಯೇ ಹೆಚ್ಚಾಗಿತ್ತು. 981ರಲ್ಲಿ ಚಾವುಂಡರಾಯನು ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರನಿಗೆ ಸಹಸ್ರ ವರ್ಷಗಳು ತುಂಬಿದುವೆಂದು 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ, ದೇಶದ ಮೂಲೆಮೂಲೆಗಳಿಂದ ಜನರು ಬಂದು ನೋಡಿ ಧನ್ಯರಾಗಿ ಹಿಂದಿರುಗಿದರೆ, ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ತಲಪಬಹುದಾದ ಹಾಸನದಲ್ಲಿದ್ದ ನಾವು ಮಾತ್ರ ಜನಸಂದಣಿಗೆ ಅಂಜಿ, ಪತ್ರಿಕೆಯ ಚಿತ್ರಗಳನ್ನು ನೋಡಿಕೊಂಡು ಮನೆಯಲ್ಲಿ ಉಳಿದೆವು. ಆ ಮೇಲೆ ಯಾರು ಕೇಳಿದರೂ ಉತ್ತರ ಹೇಳುವುದು ಕಷ್ಟವಾಯಿತು. ಆದುದರಿಂದ, ಬರುವ ಪುಷ್ಯಮಾಸದಲ್ಲಿ, ಸ್ವಂತ ವಾಹನಗಳಲ್ಲಿ, ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳನ್ನು ಬಳಸಿಕೊಂಡು ಬೆಳಗೊಳಕ್ಕೆ ಹೋಗಿ ಹಾಸನಕ್ಕೆ ಮರಳುವುದೆಂದು ತೀರ್ಮಾನವಾಯಿತು. ನೇರವಾಗಿ ಹೋಗಿ ಬರಬಹುದಾದ ಊರಿಗೆ ಇಷ್ಟು ಸುತ್ತೇಕೆಂದು ನನ್ನ ಮನೆಯವಳು ಕೇಳಿದಳು. ಇಂತಹ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದರೆ ಜಗತ್ತಿನಲ್ಲಿ ಯಾವ ದಿಗ್ವಿಜಯವೂ ನಡೆಯುತ್ತಿರಲಿಲ್ಲ.

ಸ್ವಂತ ವಾಹನಗಳೆಂದೆನಷ್ಟೆ. ಲೂನಾ ಎಂಬ ಮೊಪೆಡ್ಡು 1972ರಿಂದಲೂ ನಮ್ಮ ಬೀದಿಗಳಲ್ಲಿ ಗುಂಯ್‌ಗುಡುತ್ತಿತ್ತಾದರೂ, 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಇಬ್ಬರು ಕೂರಬಹುದಾದ ಟಿ.ವಿ.ಎಸ್. 50 ಹೊರಬಂದ ಮೇಲೆ, ಅದುವರೆಗೆ ಸೈಕಲ್ಲಿನಲ್ಲಿಯೇ ಮೋಕ್ಷ ಕಂಡುಕೊಂಡಿದ್ದ ನಡುವಯಸ್ಸಿನ ಗೃಹಸ್ಥರಲ್ಲಿಯೂ ಯಂತ್ರವ್ಯಾಮೋಹ ಅಂಕುರಿಸಿತು. ನನ್ನ ಮಿತ್ರರಲ್ಲಿ ಮೂವರು ಒಂದೇ ಮಳೆಗಾಲದಲ್ಲಿ ಅದನ್ನು ಕೊಂಡರು: ಹೈಸ್ಕೂಲಿನ ಸಂಸ್ಕೃತ ಪಂಡಿತರು, ಜವಳಿ ಅಂಗಡಿಯ ಶೆಟ್ಟರು, ಮತ್ತು ನಿವೃತ್ತ ಶಿರಸ್ತೇದಾರರು. ಮೂವರ ಗಾಡಿಗಳ ಮೇಲೂ ಕೆಂಪು ಬಣ್ಣದ ‘ಎಲ್’ ರಾರಾಜಿಸುತ್ತಿತ್ತು. ನನ್ನ ಬಳಿ ಇದ್ದುದು ಹಳೆಯ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವರು 1961ರಿಂದ ತಯಾರಿಸತೊಡಗಿದ್ದ, ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರು ಹಾಕುವ ಸನ್ನೆಯಾಗುವ, ಆ ವಿಚಿತ್ರ ಮಿತವ್ಯಯದ ಗಾಡಿ. ಅದನ್ನು ಬಹುಕಾಲ ಓಡಿಸಿದ್ದೇನೆಂಬ ಏಕಮಾತ್ರ ಕಾರಣದಿಂದ ನಾಯಕತ್ವವು ನನ್ನ ತಲೆಗೆ ಬಿತ್ತು.

ಅದೇ ದಿನಗಳಲ್ಲಿ ಅಮೆರಿಕದ ಮಿನೆಸೋಟ ಪ್ರಾಂತದಲ್ಲಿದ್ದ ನನ್ನ ಅಣ್ಣನ ಮಗನಿಂದ ಒಂದು ನೀಲಿ ಏರೋಗ್ರಾಂ ಬಂದಿತು. ನಮ್ಮ ಜಿಲ್ಲೆಯವರು ಅಮೆರಿಕಕ್ಕೆ ಹೋದರೆ ಬರೆಯದೆ ಬಿಡುವುದಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಬರೆದು ‘ಅಮೆರಿಕಾದಲ್ಲಿ ಗೊರೂರು’ ಎಂಬ ಗ್ರಂಥಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೇ ಪಡೆದರು, ನಮ್ಮ ಹುಡುಗ ಏರೋಗ್ರಾಮಿನ ಮಡಿಕೆಗಳಲ್ಲಿಯೂ ಜಾಗ ಬಿಡದೆ ಬರೆದ. ಅಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನವುಂಟಂತೆ; ಮುಂದೆ ಎರಡು ಜಾರುಪಟ್ಟಿ, ಹಿಂದೆ ಚಕ್ರದ ಬದಲು ಸುತ್ತುವ ರಬ್ಬರಿನ ಪಟ್ಟೆ, ನಡುವೆ ನಮ್ಮ ಮೊಪೆಡ್ಡಿನ ಜಾತಿಯದೇ ಟೂ ಸ್ಟ್ರೋಕ್ ಎಂಜಿನ್ನು. ಕೆನಡಾದ ಬೊಂಬಾರ್ಡಿಯೆ ಎಂಬಾತ 1922ರಲ್ಲಿ, ಹದಿನೈದು ವಯಸ್ಸಿನ ಬಾಲಕನಾಗಿದ್ದಾಗಲೇ, ಹಿಮದ ಮೇಲೆ ಓಡುವ ಒಂದು ಬಂಡಿಯನ್ನು ಕಟ್ಟಿದವನು, 1959ರಲ್ಲಿ ಇಂದಿನ ರೀತಿಯ ಸಣ್ಣ ಗಾಡಿಯನ್ನು ಮಾರುಕಟ್ಟೆಗೆ ತಂದನಂತೆ. ಹುಡುಗನೂ ಅವನ ಗೆಳೆಯರೂ ಹೊಸಬರನ್ನು ಕಟ್ಟಿಕೊಂಡು ದೂರದ ಹಿಮಯಾತ್ರೆಗೆ ಹೊರಟಿದ್ದರು. ಅವರು ಮಾಡಿಕೊಂಡಿದ್ದ ನಿಯಮಗಳು ಹೀಗಿದ್ದುವು: ಮೊದಲ ದಿನದ ದಾರಿ ಚಿಕ್ಕದಾಗಿರಬೇಕು, ಅನುಭವಿಯೊಬ್ಬ ಮುಂದೆ, ಇನ್ನೊಬ್ಬ ಕಟ್ಟಕಡೆಗೆ, ಅತ್ಯಂತ ನಿಧಾನಿಯು ಮುಂದಾಳಿನ ಬೆನ್ನಿಗೇ ಇರಬೇಕು, ಯಾತ್ರೆಯ ವೇಗವೆಂದರೆ ಆ ನಿಧಾನಿಯ ವೇಗ. ನಾನು ಈ ಕಾಗದವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆನು.

“ಉತ್ತಮವಾಗಿದೆ. ನಮ್ಮಲ್ಲಿ ಅತ್ಯಂತ ನಿಧಾನಿ ಯಾರು?” ಎಂದು ಶಿರಸ್ತೇದಾರರು ಫೈಲು ಬಿಚ್ಚಿ ಕೇಳಿದರು.

ಯಾರೂ ಒಪ್ಪಿಕೊಳ್ಳಲಿಲ್ಲ.

ಶಿರಸ್ತೇದಾರರ ಫೈಲಿನ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಕಚೇರಿಯನ್ನು ಬಿಟ್ಟರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲವಾಗಿ, ಪ್ರವಾಸದ ಪ್ರತಿಯೊಂದು ಸಭೆಗೂ ನಡವಳಿ, ಪ್ರತಿಯೊಂದು ಸಲಹೆಗೂ ಷರಾ, ಪ್ರತಿಯೊಂದು ಷರಾದ ಕೆಳಗೂ ಚಿಕ್ಕ ರುಜು ಬೀಳುತ್ತಿತ್ತು. ಬಿಡಿ ಪ್ಲಗ್ಗು, ಪ್ಲಗ್ ಸ್ಪ್ಯಾನರು, ಪಂಚರಿನ ಸಾಮಾನು, ಪಂಪು, ಪೆಟ್ರೋಲಿಗೆ ಬೆರೆಸಲು ಆಯಿಲಿನ ಡಬ್ಬಿ, ಕಾಸಿ ಆರಿಸಿದ ನೀರು, ಮಂಕಿ ಕ್ಯಾಪು, ಪುಳಿಯೋಗರೆ, ಅಮೃತಾಂಜನ ಇವೆಲ್ಲ ‘ಜರೂರು’ ಎಂಬ ಶೀರ್ಷಿಕೆಯ ಕೆಳಗೆ ಬಂದುವು. ಶೆಟ್ಟರು ಪಂಚೆಯುಟ್ಟೇ ಸವಾರಿ ಮಾಡುವವರಾದ್ದರಿಂದ ಅದರ ಅಂಚು ಚೈನಿಗೆ ಸಿಕ್ಕಿಕೊಳ್ಳದ ಹಾಗೆ ಕಚ್ಚೆ ಕಟ್ಟತಕ್ಕದ್ದೆಂದು ಪ್ರತ್ಯೇಕ ನಿರ್ಣಯವಾಯಿತು. ನನ್ನ ಜಾವಾವನ್ನು ಮೊಪೆಡ್ಡುಗಳ ನಡಿಗೆಗೆ ಹೊಂದಿಸಿ ಓಡಿಸಿದರೆ ಪ್ಲಗ್ಗಿನಲ್ಲಿ ಮಸಿ ಕಟ್ಟಿ ಅದು ಕೆಮ್ಮಿ ನಿಲ್ಲುತ್ತದೆಂದು ನಾನು ತಿಳಿಸಿದಾಗ, ‘ನಾಯಕರ ವಾಹನವೇ ಅತ್ಯಂತ ನಿಧಾನವೆಂದು ತೋರುತ್ತದೆ, ಪರಿಶೀಲಿಸುವುದು’ ಎಂಬ ಷರಾ ಬಿದ್ದಿತು.

ಅಭ್ಯಾಸವು ಹೈಸ್ಕೂಲು ಮೈದಾನದಲ್ಲಿ ನಡೆಯಿತು. ಪಂಡಿತರ ತೊಂದರೆಯೆಂದರೆ, ಎದುರಿಗೆ ಎಮ್ಮೆ ಬಂದಾಗ ಅವರು ಭಯದಿಂದ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ತಮ್ಮ ಕಡೆಗೆ ತಿರುಚಿಕೊಳ್ಳುತ್ತಿದ್ದರು. ಎಂಜಿನ್ನು ಅದನ್ನು ವೇಗದ ಆಜ್ಞೆಯೆಂದು ತಿಳಿದು ಎಮ್ಮೆಯತ್ತಲೇ ಧಾವಿಸುತ್ತಿತ್ತು. ಪಂಡಿತರು ಬ್ರೇಕಿಗೆ ಬದಲಾಗಿ ‘ಹೋ, ಹೋ’ ಎಂದು ಎತ್ತಿಗೆ ಹೇಳುವ ಮಾತನ್ನು ಗಾಡಿಗೆ ಹೇಳುತ್ತಿದ್ದರು. ಎಮ್ಮೆಯು ಆ ಮಾತಿಗೆ ಮರ್ಯಾದೆ ಕೊಟ್ಟು ನಿಂತುಬಿಡುತ್ತಿದ್ದುದರಿಂದ ಸಂಕಟ ಇಮ್ಮಡಿಯಾಗುತ್ತಿತ್ತು.

ದಾರಿಯನ್ನು ಮೊದಲೇ ನೋಡಿಕೊಂಡು ಬರುವುದು ನಾಯಕನ ಧರ್ಮವೆಂದು ಭಾವಿಸಿ ನಾನೊಬ್ಬನೇ ಜಾವಾ ಹತ್ತಿ ಹೊರಟೆನು. ಹೇಮಾವತಿಯ ದಂಡೆಯ ಹೊಳೆನರಸೀಪುರವನ್ನು ದಾಟಿ ಚನ್ನರಾಯಪಟ್ಟಣದ ಕಡೆಗೆ ಕೊಂಚ ದೂರ ಹೋಗುವಷ್ಟರಲ್ಲಿ ಎದುರಿಗೆ ರಸ್ತೆಯೇ ಇರಲಿಲ್ಲ. ಕಣವನ್ನು ಸಾರಿಸಿ, ಎತ್ತು ಕಟ್ಟಿ, ರೋಣಗಲ್ಲು ಹೊಡೆಯುವ ಶ್ರಮವೇಕೆಂದು, ಕಿತ್ತ ಹುರುಳಿಯ ಗಿಡಗಳನ್ನು ಟಾರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಮೊಣಕಾಲುದ್ದ ಹರಡಿ, ಸರಕಾರದ ಬಸ್ಸುಗಳಿಂದಲೂ ಖಾಸಗಿ ಲಾರಿಗಳಿಂದಲೂ ಉಚಿತವಾಗಿ ಒಕ್ಕಣೆ ಮಾಡಿಸಿಕೊಳ್ಳುವ ಜಾಣ್ಮೆ ನಮ್ಮ ರೈತರಿಗೆ ಬಂದು ಕೆಲವು ಕಾಲವಾಗಿತ್ತು. ಜಾವಾ ಅದರೊಳಕ್ಕೆ ನುಗ್ಗಿದೊಡನೆಯೇ ಎಂಜಿನ್ನಿನ ಸದ್ದು ಅಡಗಿ ಹೋಯಿತು. ಹ್ಯಾಂಡಲು ನನ್ನ ಕೈಯಲ್ಲಿದ್ದರೂ ನನ್ನ ಮಾತು ಕೇಳದಾಯಿತು. ಮೇಲಿನ ಒಣಸೊಪ್ಪು ಬದಿಗೆ ಸರಿದಂತೆಲ್ಲ ಕೆಳಗೆ ಉದುರಿ ಬಿದ್ದಿದ್ದ ಕಾಳುಗಳು ಗಿರಗಿರನೆ ಉರುಳಿ, ಹಿಂದಿನ ಚಕ್ರವು ಮುಂದಿನದನ್ನು ಹಿಂದೆ ಹಾಕುವ ಹವಣಿಕೆಯಲ್ಲಿದ್ದಂತೆ ತೋರಿತು. ಬಳ್ಳಿಯೊಂದು ಹಿಂದಿನ ಚಕ್ರದ ಅಚ್ಚಿಗೆ ಹುರಿಹುರಿಯಾಗಿ ಸುತ್ತಿಕೊಂಡಿತು. ಸೈಲೆನ್ಸರಿಗೆ ತಗಲಿದ ಇನ್ನೊಂದು ಹೊಗೆಯಾಡಿತು. ಎರಡೂ ಕಾಲುಗಳನ್ನು ಇಳಿಬಿಟ್ಟು, ಬ್ರೇಕನ್ನು ಮುಟ್ಟದೆ, ನೇರವಾಗಿ, ಉಸಿರು ಬಿಗಿಹಿಡಿದು ಹೇಗೋ ಆಚೆಯ ದಡ ಸೇರಿದೆನು. ಅಣ್ಣನ ಮಗನ ಕಾಗದದಲ್ಲಿದ್ದುದು ಇದೇ: ಮೆತ್ತನೆಯ ಹಿಮದಲ್ಲಿ ತಟಕ್ಕನೆ ಬ್ರೇಕು ಹಾಕಬಾರದು, ಹ್ಯಾಂಡಲನ್ನು ಥಟ್ಟನೆ ತಿರುಗಿಸಬಾರದು, ನಡುವೆ ನಿಲ್ಲಬಾರದು. ಹಿಮವಿಲ್ಲದ ದೇಶದಲ್ಲಿ ಹುಟ್ಟಿದ್ದೇವೆಂದು ನಾವು ಕೊರಗಬೇಕಾದ್ದಿಲ್ಲ. ಪುಷ್ಯಮಾಸದಲ್ಲಿ ನಮ್ಮ ಬಯಲುಸೀಮೆಗೆ ಹುರುಳಿ ಬೀಳುತ್ತದೆ.

ರಸ್ತೆಯ ಬದಿಯಲ್ಲಿ ಮೆರೆಗೋಲು ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ನನ್ನನ್ನು ಆಪಾದಮಸ್ತಕ ನೋಡಿ, “ಗಾಡಿ ಭಾರ್‌ವಾಗ್ ಐತೆ ಸ್ವಾಮಿ, ಇನ್ನೊಂದೆರಡು ಕಿತ ಹಂಗೇ ಹೋಗ್ ಬಂದ್ಬುಡಿ, ಬಸ್ಸು ಬರಾದು ತಡ” ಎಂದಳು. ಮರುದಾರಿ ಅದೇ ಆದ್ದರಿಂದ ಒಂದು ಸಲವಂತೂ ಅವಳ ಇಷ್ಟ ನೆರವೇರಿತು.

ಈ ಅನುಭವವನ್ನು ಸಭೆಗೆ ನಿವೇದಿಸಿದ ಮೇಲೆ, ಮೂವರು ಹೊಸಬರನ್ನೂ ಊರ ಹೊರಗೆ ಇಂತಹುದೇ ಒಂದು ಹಾಸಿನ ಮೇಲೆ ಓಡಿಸಿ ತರಬೇತಿ ಕೊಟ್ಟದ್ದಾಯಿತು. ಆಶ್ಚರ್ಯವೆಂದರೆ, ಬಿಗಿಹಿಡಿತದ ದೋಷವಿದ್ದ ಪಂಡಿತರೇ ಎಲ್ಲರಿಗಿಂತ ಚೆನ್ನಾಗಿ ಪಾರಾದರು. ಹಿಡಿ ತಿರುಚಿದುದನ್ನು ಸಡಿಲಿಸುವುದು ಅವರಿಗೆ ತಿಳಿಯದಿದ್ದುದರಿಂದ ಗಾಡಿ ನಡುವೆ ನಿಲ್ಲುವ ಪ್ರಸಂಗವೇ ಬರಲಿಲ್ಲ. ಶೆಟ್ಟರು ಮಾತ್ರ ಹುರುಳಿಯ ಮೇಲೆ ಮೃದುವಾಗಿ ಮಲಗಿಕೊಂಡರು. ಏಟು ಬೀಳಲಿಲ್ಲ, ಕಚ್ಚೆಯೊಳಗಿನಿಂದ ಕಾಳು ಕೊಡವುವುದಕ್ಕೆ ಹೊತ್ತು ಹಿಡಿಯಿತು.

ರಸ್ತೆಯ ಭಯ ಹೀಗೆ ತೀರಿದ ಮೇಲೆ, ಗೋಡೆಗೆ ಜಿಲ್ಲೆಯ ನಕ್ಷೆಯನ್ನು ತೂಗಹಾಕಿ ವೇಳಾಪಟ್ಟಿಗೆ ಕೈಹಾಕಿದೆವು. ಹಾಸನದಿಂದ ಗೊರೂರಿಗೆ ಸುಮಾರು 25 ಕಿಲೋಮೀಟರು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟನ್ನು ನೋಡಿಕೊಂಡು ಅರಕಲಗೂಡು. ಅಲ್ಲಿ ನಿಲ್ಲದೆ ಹೊಳೆನರಸೀಪುರ, ರಾತ್ರಿಯ ವಾಸ. ಮರುದಿನ ಚನ್ನರಾಯಪಟ್ಟಣದ ಮೇಲೆ ಬೆಳಗೊಳ. ಮೂರನೆಯ ದಿನ 58 ಅಡಿಯ ಮೂರ್ತಿಯ ದರ್ಶನ, ವಾಪಸು. ಮೊಪೆಡ್ಡಿಗೆ ಗಂಟೆಗೆ 30 ಕಿಲೋಮೀಟರೆಂದು ಇಟ್ಟುಕೊಂಡರೂ ಲೆಕ್ಕ ಸಲೀಸಾಗಿ ಕೂಡುತ್ತಿತ್ತು. ಆಗ ಶಿರಸ್ತೇದಾರರು ಒಂದು ಕೆಂಪು ಪೆನ್ಸಿಲನ್ನು ತೆಗೆದು, “ದಾರಿಯಲ್ಲಿ ಯಾರ ಯಾರ ಬಂಧುಗಳಿದ್ದಾರೆ, ಗುರುತು ಮಾಡಿ” ಎಂದರು.

ಲೆಕ್ಕ ಕೆಟ್ಟದ್ದು ಅಲ್ಲಿ. ಶೆಟ್ಟರ ಬೀಗರು ಚನ್ನರಾಯಪಟ್ಟಣದಲ್ಲಿದ್ದರು. ಶಿರಸ್ತೇದಾರರು ಹೊಳೆನರಸೀಪುರದಲ್ಲಿ ಬಹುಕಾಲ ನೌಕರಿ ಮಾಡಿದವರಾದ್ದರಿಂದ ಅವರನ್ನು ಕಂಡು ಜಗಲಿಯಿಂದ ಇಳಿದು ಬಾರದ ಮನೆ ಅಲ್ಲಿ ಅಪರೂಪ. ಇವೆಲ್ಲ ಪಂಡಿತರ ಮುಂದೆ ಏನೂ ಅಲ್ಲ. ಕಾವೇರಿಯ ತೀರದ ರಾಮನಾಥಪುರ, ಸಂಗೀತಗಾರರ ತವರಾದ ರುದ್ರಪಟ್ಟಣ, ನಡುವೆ ಅರಕಲಗೂಡು, ಎಲ್ಲೆಲ್ಲಿ ನೋಡಿದರೂ ಅವರ ಸೋದರತ್ತೆಯರು, ಷಡ್ಡಕರು, ಶಿಷ್ಯರು. ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಿಂದ ಎದ್ದು ಬಂದ ಕೆಲವು ಬಂಧುಗಳೂ ಅರಕಲಗೂಡಿನಲ್ಲಿಯೇ ನೆಲಸಿದ್ದರಿಂದ ನಕ್ಷೆಯಲ್ಲಿ ಆ ಪಟ್ಟಣದ ಹೆಸರೇ ಕೆಂಪಿನಡಿಯಲ್ಲಿ ಅಳಿಸಿಹೋಯಿತು. ಬಂಧುಗಳ ಮನೆಯ ಗಣಿತ ಎಲ್ಲರಿಗೂ ಗೊತ್ತಿದ್ದದ್ದೇ: ಕಾಫಿಗೆ ಅರ್ಧ ಗಂಟೆ, ತಿಂಡಿಗೆ ಒಂದು ಗಂಟೆ, ಊಟವೆಂದರೆ ಎಲೆ ಎತ್ತಿದ ಮೇಲೆ ಚಾಪೆ, ಚಾಪೆಯ ಮೇಲೆ ಸಂಜೆ. ನಡುವೆ ಎದ್ದು ಹೊರಟರೆ ಆ ಮನೆಯ ಹೆಂಗಸರು ಮುಂದಿನ ಮದುವೆಯವರೆಗೆ ಅದನ್ನು ಜ್ಞಾಪಕದಲ್ಲಿಟ್ಟುಕೊಳ್ಳುತ್ತಾರೆ. ಪುಷ್ಯಮಾಸವನ್ನು ಆರಿಸಿಕೊಂಡದ್ದೇ ಮದುವೆ ಮುಂಜಿಗಳ ಕಾಟವಿರುವುದಿಲ್ಲವೆಂದು. ಆದರೆ ಮದುವೆ ಮುಂಜಿಗಳಿಲ್ಲದ ಕಾರಣ ಬಂಧುಗಳೆಲ್ಲರೂ ತಂತಮ್ಮ ಮನೆಗಳಲ್ಲಿಯೇ ಇರುತ್ತಾರೆಂಬುದು ಆಗ ಹೊಳೆಯಿತು. ಯಾತ್ರೆಯ ಅತ್ಯಂತ ನಿಧಾನಿ ಯಾರೆಂಬ ಹಳೆಯ ಪ್ರಶ್ನೆಯೂ ಬಗೆಹರಿಯಿತು. ಗಾಡಿಯನ್ನು ಎಂದೂ ನಿಲ್ಲಿಸಲಾರದ ಪಂಡಿತರೇ ನಮ್ಮೆಲ್ಲರನ್ನೂ ಹೆಜ್ಜೆ ಹೆಜ್ಜೆಗೂ ನಿಲ್ಲಿಸುವವರಾಗಿದ್ದರು.

ಬಹಳ ಚರ್ಚೆಯಾಗಿ ಒಂದು ಗುಪ್ತ ನಿರ್ಣಯ ಅಂಗೀಕೃತವಾಯಿತು. ಅರಕಲಗೂಡಿನ ಪೇಟೆಬೀದಿಯನ್ನು ಬೆಳಗಿನ ಎಂಟರೊಳಗೆ, ಮಂಕಿ ಕ್ಯಾಪುಗಳನ್ನು ಹುಬ್ಬಿನವರೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ದಾಟತಕ್ಕದ್ದು. ಪ್ರಯಾಣದ ದಿನವನ್ನು ಮನೆಯವರ ಹೊರತು ಯಾರಿಗೂ ತಿಳಿಸತಕ್ಕದ್ದಲ್ಲ. ‘ಮನೆಯವರ ಹೊರತು’ ಎಂಬ ಮಾತನ್ನು ಸೇರಿಸಿದವರು ಪಂಡಿತರು.

ಹೊರಟ ದಿನ ಬೆಳಗ್ಗೆ ಆರಕ್ಕೆ ಸೇರಬೇಕಾದವರು ಏಳಕ್ಕೆ ಪೆಟ್ರೋಲ್ ಬಂಕಿನ ಮುಂದೆ ಸೇರಿದೆವು. ಮಂಜು ಇನ್ನೂ ಕರಗಿರಲಿಲ್ಲ. ಆಯಿಲು ಬೆರೆಸಿ, ಗಾಳಿ ನೋಡಿಸಿ, ಶೆಟ್ಟರ ಕಚ್ಚೆಯನ್ನು ತಪಾಸಣೆ ಮಾಡಿ, ಪಂಡಿತರನ್ನು ನನ್ನ ಬೆನ್ನಿಗೂ ಶಿರಸ್ತೇದಾರರನ್ನು ಕಡೆಗೂ ನಿಲ್ಲಿಸಿ, ಇನ್ನೇನು ಪೆಡಲು ತುಳಿಯಬೇಕೆನ್ನುವಷ್ಟರಲ್ಲಿ ಅರಕಲಗೂಡಿನಿಂದ ಬಂದ ಮೊದಲ ಬಸ್ಸು ನಮ್ಮ ಪಕ್ಕದಲ್ಲಿಯೇ ನಿಧಾನವಾಯಿತು. ಕಂಡಕ್ಟರು ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಕೂಗಿದ:

“ಪಂಡಿತ್ರೇ, ನಿಮ್ ಸೋದರತ್ತೆ ಹೇಳ್ಕಳ್ಸವ್ರೆ. ಹಿತಕಿದ ಬೇಳೆ ಹುಳಿ ಮಾಡ್ತಾ ಇದಾರಂತೆ, ನಾಲ್ಕು ಜನಕ್ಕೆ. ಬೀದಿ ಬಾಗ್ಲಲ್ಲೇ ಕೂತಿರ್ತಾರಂತೆ, ಟೋಪಿ ಹಾಕ್ಕೊಂಡ್ ಬಂದ್ರೂ ಗುರ್ತು ಹಿಡೀತಾರಂತೆ.”

ಬಸ್ಸು ಮುಂದಕ್ಕೆ ಹೋಯಿತು. ಪಂಡಿತರು ಟೋಪಿಯನ್ನು ತೆಗೆದು ಜುಬ್ಬದ ಜೇಬಿಗೆ ಸೇರಿಸಿದರು. ಶಿರಸ್ತೇದಾರರು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಕ್ಯಾರಿಯರಿನಿಂದ ಫೈಲನ್ನು ಬಿಚ್ಚಿ, ವೇಳಾಪಟ್ಟಿಯ ಪುಟ ತೆರೆದು, ಅರಕಲಗೂಡೆಂಬಲ್ಲಿ ಬರೆದರು: ‘ಮಧ್ಯಾಹ್ನದ ಊಟ. ಹೊರಡುವ ವೇಳೆ: ಅತ್ತೆಯವರ ಮರ್ಜಿ.’ ಕೆಳಗೆ ಚಿಕ್ಕ ರುಜು ಹಾಕಿ, ನನ್ನ ರುಜುವಿಗೂ ಪೆನ್ನು ಮುಂದಕ್ಕೆ ಚಾಚಿದರು.