ವ್ಯಕ್ತಿತ್ವಕ್ಕೆ ಬಿ ಪ್ಲಸ್

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಒಮ್ಮೆ ಸುತ್ತಿ ಬನ್ನಿ. ಶಾಲೆಗಳ ಗೇಟಿಗೆ ಗೇಟಿನಷ್ಟೇ ಅಗಲದ ಫ್ಲೆಕ್ಸ್. ಸ್ಟಾಂಪಿನಷ್ಟು ಪುಟಾಣಿ ಮುಖಗಳು, ಕೆಳಗೆ ಅಂಕಗಳು, ಪಕ್ಕದಲ್ಲಿ ಆಡಳಿತ ಮಂಡಳಿ ಅಧ್ಯಕ್ಷರ ಆಳೆತ್ತರದ ಚಿತ್ರ. ಪರೀಕ್ಷೆ ಬರೆದವರು ಯಾರೆಂದು ದಾರಿಹೋಕರು ತಬ್ಬಿಬ್ಬಾಗಬೇಕು. ಹೈಕೋರ್ಟ್ ಗದರಿದ ಮೇಲೆ 2018ರಲ್ಲಿ ಪಾಲಿಕೆ ಊರ ತುಂಬ ಫ್ಲೆಕ್ಸ್ ಕಿತ್ತಿತ್ತು; ಅವೆಲ್ಲ ಮತ್ತೆ ಚಿಗುರಿವೆ. ಅನಾರೋಗ್ಯಕರ ಪೈಪೋಟಿ ಬೇಡವೆಂದು ಸಿಬಿಎಸ್‌ಇ ಮೆರಿಟ್ ಪಟ್ಟಿ ಪ್ರಕಟಿಸುವುದನ್ನೇ ಬಿಟ್ಟಿದೆ. ಬಿಟ್ಟರೇನಂತೆ, ಪ್ರಿಂಟಿಂಗ್ ಅಂಗಡಿಯವರು ಆ ಹೊಣೆ ಹೊತ್ತಿದ್ದಾರೆ.

ಆದರೆ ಅಂಕಗಳ ಮರ್ಯಾದೆ ಮೊದಲಿನಂತಿಲ್ಲ. 2022ರಲ್ಲಿ ರಾಜ್ಯದ 145 ಮಕ್ಕಳು 625ಕ್ಕೆ 625 ತೆಗೆದರು. ಎಲ್ಲರೂ ಫಸ್ಟ್ ಬಂದರೆ ಫಸ್ಟ್ ಬಂದ ಸುಖವೇನು? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು ನೋಡಿ, ಪೂರ್ತಿ ಅಂಕ ಉಳಿದದ್ದು ಒಬ್ಬಳೇ ಹುಡುಗಿಗೆ. ಅದೂ ಬಾಗಲಕೋಟೆ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯವಳು. ವಿಜಯನಗರದ ಟ್ಯೂಷನ್ ಮೇಷ್ಟ್ರುಗಳು ಅವತ್ತು ಬಾಗಲಕೋಟೆ ಎಲ್ಲಿದೆ ಎಂದು ಮ್ಯಾಪ್ ಹುಡುಕಿರಬೇಕು.

ಹೀಗೆ ಅಂಕಗಳು ಕೈಕೊಟ್ಟಾಗ ಸಿಕ್ಕಿದ್ದೇ ವ್ಯಕ್ತಿತ್ವ. ಅದಕ್ಕೆ ಪಠ್ಯಪುಸ್ತಕವಿಲ್ಲ, ಉತ್ತರ ಪತ್ರಿಕೆಯಿಲ್ಲ, ಮರುಮೌಲ್ಯಮಾಪನ ಕೇಳುವಂತಿಲ್ಲ. ಫೀಸು ಮಾತ್ರ ಇದೆ.

ಇದರ ಪರೀಕ್ಷೆ ಶಾಲೆಗೆ ಸೇರುವ ಮೊದಲೇ ಶುರು. ಮಗುವನ್ನಾಗಲಿ ಹೆತ್ತವರನ್ನಾಗಲಿ ಅಳೆದು ಸುರಿದು ಸೇರಿಸಿಕೊಳ್ಳುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್. ಮೊದಲ ತಪ್ಪಿಗೆ 25 ಸಾವಿರ ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರ. ಆದ್ದರಿಂದ ನಮ್ಮ ಶಾಲೆಗಳು ಸುಮ್ಮನೆ ಕೂರಿಸಿಕೊಂಡು ಮಾತಾಡಿಸುತ್ತವೆ, ಅಷ್ಟೇ. ಮಗು ಬಾಳೆಹಣ್ಣಿನ ಬಣ್ಣ ಹೇಳುತ್ತದೆ, ಅಪ್ಪ ತನ್ನ ಸಂಬಳ ಹೇಳುತ್ತಾನೆ. ಸೇರಿಸುವ ಅವಸರವೂ ಅಷ್ಟೇ: ಒಂದನೇ ತರಗತಿಗೆ ಆರು ತುಂಬಿರಲೇಬೇಕು ಎಂಬ ನಿಯಮ 2025ರಲ್ಲಿ ಬಾಗಿಲಿಗೆ ಬಂದಾಗ ಮಗುವಿನ ಒಂದು ವರ್ಷ ಹಾಳಾಗುತ್ತದೆಂದು ಹೆತ್ತವರು ಹುಯಿಲೆಬ್ಬಿಸಿದರು. ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಯಿತು. ಇನ್ನೊಂದಷ್ಟು ತಿಂಗಳು ಮಗು ಮಣ್ಣಲ್ಲಾಡಿದ್ದರೆ ಯಾರಪ್ಪನ ಮನೆ ಗಂಟು ಹೋಗುತ್ತಿತ್ತೋ ಕಾಣೆ.

ಶಾಲೆಗೆ ಸೇರಿದ ಮೇಲೆ ವೇದಿಕೆಯ ಪರೀಕ್ಷೆ. ಬಸವೇಶ್ವರನಗರದ ಕಡೆ ಎಲ್‌ಕೆಜಿಯವರ ಛದ್ಮವೇಷ ಸ್ಪರ್ಧೆ. ಸಂಗೊಳ್ಳಿ ರಾಯಣ್ಣನ ಮೀಸೆ ಬೆವರಿಗೆ ಕಳಚಿ ಅರ್ಧ ಬಾಯೊಳಗೆ ಹೋಗಿದೆ. ಬಾಡಿಗೆ ಕಿರೀಟ ಕಣ್ಣಿಗೆ ಜಾರಿದ ಕಿತ್ತೂರು ಚೆನ್ನಮ್ಮನಿಗೆ ಕಪ್ಪ ಕೊಡಬೇಕೋ ಬೇಡವೋ ಎಂಬುದೇ ಮರೆತಿದೆ. ವೇದಿಕೆಯ ಕೆಳಗೆ ಅಮ್ಮ ಡೈಲಾಗಿಗೆ ತುಟಿಯಾಡಿಸುತ್ತಿದ್ದಾಳೆ, ಅಪ್ಪ ಮೊಬೈಲ್ ಹಿಡಿದು "ಕತ್ತಿ ಎತ್ತು ಪುಟ್ಟಿ, ಕತ್ತಿ!" ಎಂದು ಪಿಸುಗುಡುತ್ತಿದ್ದಾನೆ. ಚೆನ್ನಮ್ಮ ಕತ್ತಿಯನ್ನು ಕೆಳಗಿಟ್ಟು ಮೈಕಿನಲ್ಲಿ ಸ್ಪಷ್ಟವಾಗಿ, "ಸುಸ್ಸು ಬಂತು" ಎಂದಳು. ಇಡೀ ಸ್ಪರ್ಧೆಯಲ್ಲಿ ಯಾರೂ ಹೇಳಿಕೊಡದೆ ಬಂದ ಮಾತು ಅದೊಂದೇ. ಸಮಾಧಾನಕರ ಬಹುಮಾನ ಕೊಟ್ಟರು.

ಪ್ರೋಗ್ರೆಸ್ ಕಾರ್ಡ್ ಇನ್ನೂ ಸೊಗಸು. ಹಿಂದೆ "ನಡತೆ: ಉತ್ತಮ" ಎಂದು ಒಂದು ಗೆರೆ ಬರೆದು ಮೇಷ್ಟ್ರು ಕೈತೊಳೆದುಕೊಳ್ಳುತ್ತಿದ್ದರು. ಈಗ ಆತ್ಮವಿಶ್ವಾಸ, ನಾಯಕತ್ವ, ಎಂಪಥಿ, ಒಂದೊಂದಕ್ಕೂ ಗ್ರೇಡು. ಪೇರೆಂಟ್ಸ್ ಮೀಟಿಂಗಿನಲ್ಲಿ ತಾಯೊಬ್ಬರು ಕಾರ್ಡಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು:

"ಮೇಡಂ, ಎಂಪಥೀಲಿ ಬಿ ಪ್ಲಸ್ ಯಾಕೆ?"

"ಚೆನ್ನಾಗೇ ಇದಾನೆ. ಸ್ವಲ್ಪ ಇಂಪ್ರೂವ್ ಆಗ್ಬೇಕು."

"ಪಕ್ಕದಲ್ಲಿ ಕೂರೋ ಹುಡುಗನಿಗೆ?"

"ಅವನಿಗೆ ಎ."

ತಾಯಿ ಮಗನತ್ತ ತಿರುಗಿದರು. "ಅವನಿಗಿಂತ ಒಂಚೂರು ಜಾಸ್ತಿ ಕರುಣೆ ತೋರಿಸೋಕೆ ನಿನಗೇನೋ ಕಷ್ಟ?" ಟೆಸ್ಟಿನ ದಿನ ತನ್ನ ರಬ್ಬರನ್ನು ಎರಡು ತುಂಡು ಮಾಡಿ ಅದೇ ಹುಡುಗನಿಗೆ ಒಂದು ಕೊಟ್ಟಿದ್ದನಂತೆ ಇವನು. ಡೈರಿಯಲ್ಲಿ ಅದಕ್ಕೂ ಕೆಂಪು ಶಾಯಿಯ ಷರಾ ಇದೆ: ಪರೀಕ್ಷೆಯಲ್ಲಿ ಮಾತಾಡುತ್ತಾನೆ.

ಮಾತಾಡಿದರೆ ಶಿಸ್ತಿಲ್ಲ, ಮಾತಾಡದಿದ್ದರೆ ಬೋಲ್ಡ್ ಆಗಬೇಕು. ಈ ಎರಡು ಕಾಯಿಲೆಗೂ ಮದ್ದು ಸಿಗುವ ಜಾಗವೆಂದರೆ ವಿಜಯನಗರ, ಚಂದ್ರಾ ಲೇಔಟ್ ಸುತ್ತಮುತ್ತ. ಕೆಎಎಸ್, ಐಎಎಸ್ ಕೋಚಿಂಗಿಗೆ ರಾಜ್ಯದ ಮೂಲೆಮೂಲೆಯಿಂದ ಹುಡುಗರು ಬಂದು ಬೀಳುವ ಬೀದಿಗಳಿವು. ಐಎಎಸ್ ಸಂದರ್ಶನಕ್ಕೆ ಯುಪಿಎಸ್‌ಸಿ ಇಟ್ಟಿರುವ ಅಧಿಕೃತ ಹೆಸರೇ ವ್ಯಕ್ತಿತ್ವ ಪರೀಕ್ಷೆ; 275 ಅಂಕ. ಮೇಲಿನ ಮಹಡಿಯಲ್ಲಿ ಗಡ್ಡ ಬಂದವರು ಅದಕ್ಕೆ ತಯಾರಾಗುತ್ತಿದ್ದರೆ, ಕೆಳಗಿನ ಮಹಡಿಯಲ್ಲಿ ಹಾಲುಹಲ್ಲು ಬೀಳದವರು ಪಬ್ಲಿಕ್ ಸ್ಪೀಕಿಂಗ್ ಕಲಿಯುತ್ತಿದ್ದಾರೆ. ಅಬಾಕಸ್, ವೇದಗಣಿತ, ಫೋನಿಕ್ಸ್ ಜತೆಗೆ ಬೇಸಿಗೆ ರಜೆಯಲ್ಲಿ ಲೀಡರ್‌ಶಿಪ್ ಕ್ಯಾಂಪ್ ಬೇರೆ. ಬ್ಯಾಚಿನ ಮೂವತ್ತೂ ಮಕ್ಕಳು ನಾಯಕರಾದರೆ ಹಿಂಬಾಲಿಸುವವರು ಯಾರು ಎಂದು ಕೇಳಬಾರದು. ಅವರು ಬೇರೆ ಬ್ಯಾಚಿನವರು.

ಅಂಥದ್ದೊಂದು ಕೌಂಟರಿನ ಮುಂದೆ ಅತ್ತಿಗುಪ್ಪೆಯ ತಾತ ಒಬ್ಬರು ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಸೊಸೆ ವಿಚಾರಿಸಿಕೊಂಡು ಬನ್ನಿ ಅಂದಿದ್ದಳು.

"ಇವನಿಗೆ ಇಂಟರೆಸ್ಟ್ ಏನು ಅಂಕಲ್?"

"ಏನಿಲ್ಲಮ್ಮ. ಸಂಜೆ ಹೊತ್ತು ಟೆರೇಸ್ ಮೇಲೆ ಸುಮ್ನೆ ಕೂತು ಮೆಟ್ರೋ ನೋಡ್ತಾನೆ. ಅದೇ ಖುಷಿ ಅವನಿಗೆ."

ಕೌಂಟರಿನ ಹುಡುಗಿ ಬ್ರೋಷರಿನ ಹಾಳೆ ತಿರುವಿದಳು.

"ಅದಕ್ಕೂ ಇದೆ ಅಂಕಲ್. ಮೈಂಡ್‌ಫುಲ್‌ನೆಸ್, ಶನಿವಾರ ಬ್ಯಾಚ್. ಮೂರು ಲೆವೆಲ್ ಮುಗಿಸಿದ್ರೆ ಕಾಂಪಿಟಿಷನ್‌ಗೆ ಕಳಿಸ್ತೀವಿ."