ಕಾರಿನ ದೇಶದ ಕಾಲುದಾರಿ

ಆರು ತಿಂಗಳ ಮಟ್ಟಿಗೆಂದು ಅಮೆರಿಕದ ಮಗನ ಮನೆಗೋ ಮಗಳ ಮನೆಗೋ ಬಂದಿಳಿಯುವ ಕನ್ನಡದ ಅಪ್ಪ-ಅಮ್ಮಂದಿರು ಮೊದಲ ವಾರದಲ್ಲೇ ಕಂಡುಕೊಳ್ಳುವ ಸತ್ಯವೊಂದಿದೆ: ಇಲ್ಲಿ ಯಾರೂ ನಡೆಯುವುದಿಲ್ಲ. ಹಾಲು ತರಲು ಕಾರು, ಮಾತ್ರೆ ತರಲು ಕಾರು. ಜಿಮ್ಮಿಗೆ ಹೋಗಿ ಟ್ರೆಡ್‌ಮಿಲ್ ಮೇಲೆ ನಡೆಯುವುದಕ್ಕೂ ಕಾರು. ಸಂಜೆ ಹೊತ್ತು ಬಡಾವಣೆಯ ರಸ್ತೆಯಲ್ಲಿ ಸ್ವೆಟರು, ಮಂಕಿಕ್ಯಾಪು ಹಾಕಿಕೊಂಡು ಓಡಾಡುವ ಎರಡು ಜೀವಗಳು ಕಂಡರೆ ಅವರು ಮೈಸೂರಿನವರೋ ಹುಬ್ಬಳ್ಳಿಯವರೋ ಆಗಿರುವ ಸಂಭವವೇ ಹೆಚ್ಚು.

ಅಂಥ ದೇಶದಲ್ಲೇ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯಿದೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಲ್ಲಿ ಶುರುವಾಗಿ 14 ರಾಜ್ಯಗಳನ್ನು ಹಾದು, ಸುಮಾರು 3,500 ಕಿಲೋಮೀಟರ್ ಆಚೆ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದಲ್ಲಿ ಮುಗಿಯುತ್ತದೆ. ಮರ, ಬಂಡೆಗಳ ಮೇಲೆ ಬಳಿದ ಬಿಳಿ ಪಟ್ಟಿಗಳೇ ದಿಕ್ಕು. ಒಂದೇ ಉಸಿರಿನಲ್ಲಿ ಮುಗಿಸಲು ಐದರಿಂದ ಏಳು ತಿಂಗಳು ಬೇಕು. ಹಾಗೆ ಹೊರಟ ನಾಲ್ವರಲ್ಲಿ ಹೆಚ್ಚುಕಮ್ಮಿ ಒಬ್ಬರು ಮಾತ್ರ ತುದಿ ಮುಟ್ಟುತ್ತಾರೆ. ಮಿಕ್ಕ ಮೂವರು ಮಂಡಿಯನ್ನೋ ಮಳೆಯನ್ನೋ ಬೈದುಕೊಂಡು ಮನೆಯ ದಾರಿ ಹಿಡಿಯುತ್ತಾರೆ.

ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರಿಗೆ ಈ ಹುಚ್ಚು ಅರ್ಧ ಅರ್ಥವಾದೀತು. ಅಲ್ಲಿ ದಾರಿಯ ಕೊನೆಗೆ ಮಂಜುನಾಥನಿದ್ದಾನೆ, ಬಿಸಿ ಊಟವಿದೆ. ಕಟಾಡಿನ್ ನೆತ್ತಿಯ ಮೇಲಿರುವುದು ಒಂದು ಮರದ ಫಲಕ. ಅದನ್ನು ತಬ್ಬಿ, ಅತ್ತು, ಫೋಟೊ ತೆಗೆಸಿಕೊಂಡಾದ ಮೇಲೆ ಇಳಿಯುವುದೂ ಕಾಲ್ನಡಿಗೆಯಲ್ಲೇ.

ಈ ದಾರಿ ಹುಟ್ಟಿದ್ದು ಒಂದು ಲೇಖನದಿಂದ. ಅರಣ್ಯತಜ್ಞ ಬೆಂಟನ್ ಮಕಾಯ್ 1921ರಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಅದನ್ನು ಬರೆದರು. ಪಟ್ಟಣದಲ್ಲಿ ಬೆಂದವರಿಗೆ ಬೆಟ್ಟದ ಮೇಲೆ ಶಿಬಿರಗಳು, ಎಲ್ಲರೂ ಸೇರಿ ದುಡಿಯುವ ಹೊಲಗಳು, ಇವನ್ನೆಲ್ಲ ಪೋಣಿಸುವ ಒಂದು ದಾರಿ ಅವರ ಕನಸು. ಜನ ದಾರಿಯನ್ನು ಇಟ್ಟುಕೊಂಡು ಹೊಲಗಳನ್ನು ಮಕಾಯ್ ಅವರಿಗೇ ಬಿಟ್ಟರು. ಕೆಲಸ ಮುಂದಕ್ಕೆ ತಳ್ಳಿದವರು ಮೈರನ್ ಏವರಿ ಎಂಬ ವಕೀಲರು; ಸೈಕಲ್ ಚಕ್ರಕ್ಕೆ ಮೀಟರು ಕಟ್ಟಿ ಕಾಡೆಲ್ಲ ಉರುಳಿಸುತ್ತ ದಾರಿ ಅಳೆದವರು. ವರ್ಜೀನಿಯಾದ ಬೆಟ್ಟಗಳ ನೆತ್ತಿಯ ಮೇಲೆ ಸರ್ಕಾರ ಕಾರಿನ ರಸ್ತೆ ಹಾಕಲು ಹೊರಟಾಗ ಮಕಾಯ್ ಕೆಂಡವಾದರು. ಕಾಲುದಾರಿಯನ್ನು ಪಕ್ಕಕ್ಕೆ ಸರಿಸಿಕೊಂಡರಾಯಿತು ಎಂಬುದು ಏವರಿ ವಾದ. ಇಬ್ಬರ ಸಂಬಂಧ ಮುರಿದುಬಿತ್ತು. ದಾರಿ ಮಾತ್ರ 1937ರಲ್ಲಿ ಪೂರ್ತಿಯಾಯಿತು.

ಆ ಮೇಲೆ ಬಂದರು ಎಮ್ಮಾ ಗೇಟ್‌ವುಡ್ ಅಜ್ಜಿ. 1955ರಲ್ಲಿ ಅವರಿಗೆ 67 ವರ್ಷ, ಹನ್ನೊಂದು ಮಕ್ಕಳ ತಾಯಿ. ಹಿಂದಿನ ವರ್ಷ ಮೇಯ್ನ್ ತುದಿಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಅರಣ್ಯ ಸಿಬ್ಬಂದಿಯಿಂದ ಬುದ್ಧಿವಾದ ಹೇಳಿಸಿಕೊಂಡು ವಾಪಸಾಗಿದ್ದರು. ಈ ಸಲ ಜಾರ್ಜಿಯಾದಿಂದ ಹೊರಟರು. ಮನೆಯಲ್ಲಿ ಹೇಳಿದ್ದು ಸುಮ್ಮನೆ ನಡೆದು ಬರುತ್ತೇನೆಂದಷ್ಟೇ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಟೆಂಟಿಲ್ಲ, ಸ್ಲೀಪಿಂಗ್ ಬ್ಯಾಗಿಲ್ಲ. ಸೆಪ್ಟೆಂಬರಿನಲ್ಲಿ ಕಟಾಡಿನ್ ಹತ್ತಿದರು. ಪತ್ರಿಕೆಯ ಬರಹ ನಂಬಿ ಸುಲಭದ ದಾರಿಯೆಂದುಕೊಂಡು ಬಂದೆ ಎಂದು ದೂರಿದರೇ ಹೊರತು ನಿಲ್ಲಲಿಲ್ಲ. ಮುಂದೆ ಇನ್ನೆರಡು ಸಲ ಇಡೀ ದಾರಿ ನಡೆದರು. ಈಗಿನ ಚಾರಣಿಗರು ಗ್ರಾಂ ಲೆಕ್ಕದಲ್ಲಿ ತೂಗಿ ಕೊಳ್ಳುವ ಚೀಲದ ಬೆಲೆಯನ್ನು ಆ ಅಜ್ಜಿಗೆ ಹೇಳುವ ಧೈರ್ಯ ಯಾರಿಗಿದ್ದೀತು!

ದಾರಿಗೆ ಹಾಸ್ಯಪ್ರಜ್ಞೆಯೂ ಇದೆ. ಪೆನ್ಸಿಲ್ವೇನಿಯಾದ ನಡುದಾರಿಯಲ್ಲಿ, ಅರ್ಧ ಮುಗಿಸಿದ ಸಂಭ್ರಮಕ್ಕೆ, ಚಾರಣಿಗರು ಅರ್ಧ ಗ್ಯಾಲನ್, ಅಂದರೆ ಎರಡು ಲೀಟರಿಗೆ ಚೂರೇ ಕಡಿಮೆ ಐಸ್‌ಕ್ರೀಮನ್ನು ಒಂದೇ ಸಲ ಕೂತು ತಿನ್ನಬೇಕು. ಗೆದ್ದವರಿಗೆ ಬಹುಮಾನ ಒಂದು ಮರದ ಚಮಚ. ನ್ಯೂಯಾರ್ಕಿನ ಬೇರ್ ಮೌಂಟನ್‌ನಲ್ಲಿ ದಾರಿ ಮೃಗಾಲಯದೊಳಗೇ ಹಾದುಹೋಗುತ್ತದೆ. ತಿಂಗಳುಗಟ್ಟಲೆ ಕರಡಿಯ ಭಯದಲ್ಲಿ ಊಟದ ಗಂಟನ್ನು ಮರಕ್ಕೆ ನೇತುಹಾಕಿ ಮಲಗಿದವರಿಗೆ ಇಲ್ಲಿ ಕರಡಿ ಬೇಲಿಯಾಚೆ ಕೂತು ದರ್ಶನ ಕೊಡುತ್ತದೆ.

ಈ ಬೆಟ್ಟಗಳು ನೋಡಿದ ನಡಿಗೆಯೆಲ್ಲ ಹವ್ಯಾಸದ್ದಲ್ಲ. 1838ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರನ್ನು ಸೈನ್ಯ ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿತು. ಹೊರದಬ್ಬಿಸಿಕೊಂಡ ಸುಮಾರು 16,000 ಮಂದಿಯಲ್ಲಿ 4,000ದಷ್ಟು ಜನ ಸತ್ತರೆಂಬ ಅಂದಾಜಿದೆ. ಟ್ರೇಲಿನ ಅತಿ ಎತ್ತರದ ಶಿಖರ ಶತಮಾನಕ್ಕೂ ಮೀರಿ ಕ್ಲಿಂಗ್‌ಮನ್ ಎಂಬ ರಾಜಕಾರಣಿಯ ಹೆಸರು ಹೊತ್ತಿತ್ತು. 2024ರಲ್ಲಿ ಅದಕ್ಕೆ ಚೆರೊಕೀಯವರ ಹಳೆಯ ಹೆಸರು ಕುವೋಹಿ ಮರಳಿ ಬಂತು.

ಈ ಬೆಟ್ಟಗಳ ಸಂಗೀತ ಕೇಳಬೇಕೆಂದರೆ ಟ್ರೇಲಿನಿಂದ ಸ್ವಲ್ಪ ಪಶ್ಚಿಮಕ್ಕೆ, ಬ್ರಿಸ್ಟಲ್ ಎಂಬ ಊರಿಗೆ ಬರಬೇಕು. ಅದರ ಮುಖ್ಯಬೀದಿಯ ಒಂದು ಬದಿ ಟೆನೆಸ್ಸಿ, ಇನ್ನೊಂದು ಬದಿ ವರ್ಜೀನಿಯಾ. 1927ರಲ್ಲಿ ರಾಲ್ಫ್ ಪಿಯರ್ ಎಂಬವರು ಗ್ರಾಮಫೋನ್ ಕಂಪನಿಯ ಪರವಾಗಿ ಬಂದು, ಹಳೆಯ ಟೋಪಿ ಕಾರ್ಖಾನೆಯ ಕಟ್ಟಡದಲ್ಲಿ ಗೋಡೆಗೆ ಕೌದಿ ಕಟ್ಟಿ ಧ್ವನಿಮುದ್ರಣ ಶುರುಮಾಡಿದರು. ಹಾಡಿ ವರ್ಷಕ್ಕೆ ಸಾವಿರಾರು ಡಾಲರ್ ಗಳಿಸಿದವನ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಬಂದದ್ದೇ ತಡ, ಬೆಟ್ಟದ ಜನ ಪಿಟೀಲು, ಬ್ಯಾಂಜೊ ಹಿಡಿದು ಇಳಿದುಬಂದರು. ಆ ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೊಡುಗೆ. ಹಾಡುಗಾರರಾದ ಕಾರ್ಟರ್ ಕುಟುಂಬ ಬಂದದ್ದು ಎರವಲು ಕಾರಿನಲ್ಲಿ; ತುಂಬು ಗರ್ಭಿಣಿ ಮೇಬೆಲ್, ಗಿಟಾರು, ಕೈಗೂಸು, ದಾರಿಯುದ್ದಕ್ಕೂ ಪಂಕ್ಚರು. ಗಾಯಕ ಜಿಮ್ಮಿ ರಾಜರ್ಸ್ ಮುದ್ರಣದ ಹೊತ್ತಿಗೆ ತಮ್ಮ ತಂಡದವರೊಂದಿಗೆ ಜಗಳವಾಡಿಕೊಂಡು ಒಬ್ಬರೇ ಹಾಡಿದರು. ಹನ್ನೆರಡು ದಿನಗಳಲ್ಲಿ 76 ಹಾಡುಗಳಾದವು. ಕಂಟ್ರಿ ಸಂಗೀತದ ಜಾತಕ ಬರೆಯುವವರು ಇವತ್ತಿಗೂ ಆ ಟೋಪಿ ಕಾರ್ಖಾನೆಯಿಂದಲೇ ಎಣಿಸುತ್ತಾರೆ.

ಕಾರ್ಟರ್ ಕುಟುಂಬದ ಪ್ಲೇಟುಗಳು ಮಾರಾಟವಾದಂತೆ ಎ.ಪಿ. ಕಾರ್ಟರ್‌ಗೆ ಹೊಸ ಹಾಡು ಬೇಕಾಯಿತು. ಅವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್‌ವಾದಕರನ್ನು ಕರೆದುಕೊಂಡು ಹಳ್ಳಿಹಳ್ಳಿ ಅಲೆದರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದವರು ರಿಡಲ್. ಸಾಹಿತ್ಯ ಬರೆದುಕೊಳ್ಳುವುದು ಕಾರ್ಟರ್ ಕೆಲಸ, ರಾಗ ನೆನಪಿಟ್ಟುಕೊಳ್ಳುವುದು ರಿಡಲ್ ಕೆಲಸ. ಪ್ಲೇಟಿನ ಮೇಲೆ ಅಚ್ಚಾದದ್ದು ಮಾತ್ರ ಕಾರ್ಟರ್ ಹೆಸರು.

ಬ್ರಿಸ್ಟಲ್‌ನಿಂದ ಪೂರ್ವಕ್ಕೆ ಸ್ವಲ್ಪವೇ ದೂರ ಡಮಾಸ್ಕಸ್. ಸಾವಿರ ಜನರೂ ಇಲ್ಲದ ಈ ಊರಿನ ಮುಖ್ಯರಸ್ತೆಯೇ ಅಪಲಾಚಿಯನ್ ಟ್ರೇಲ್. 1987ರಿಂದ ಇಲ್ಲಿ ಮೇ ತಿಂಗಳಲ್ಲಿ ಚಾರಣಿಗರ ಜಾತ್ರೆ ನಡೆಯುತ್ತದೆ: ಹಾಡು, ಕುಣಿತ, ಕೊನೆಗೆ ಮೆರವಣಿಗೆ. ವಾರಗಟ್ಟಲೆ ಕಾಡಿನಲ್ಲಿ ನಡೆದು ಬಂದವರ ಮೈವಾಸನೆ ಎಂಥದೆಂದು ಊರಿನವರಿಗೆ ಗೊತ್ತು. ಮೆರವಣಿಗೆ ಹೊರಟ ಕೂಡಲೇ ರಸ್ತೆಯ ಎರಡೂ ಬದಿಗೆ ಮಕ್ಕಳು ಮುದುಕರೆನ್ನದೆ ನೀರಿನ ಪಿಸ್ತೂಲು ಹಿಡಿದು ನಿಲ್ಲುತ್ತಾರೆ, ಚಾರಣಿಗರೂ ತಿರುಗಿ ಎರಚುತ್ತಾರೆ, ಮತ್ತು ಆ ವಸಂತದ ಮೊದಲ ಸರಿಯಾದ ಸ್ನಾನ ಅನೇಕರಿಗೆ ಅಲ್ಲಿಯೇ ಆಗುತ್ತದೆ.