ಟಿಟಿವೈ ಮೀಮಾಂಸೆ: ಪೋರ್ಟಿನ ಅಸ್ತಿತ್ವ ವಿಚಾರ

ಲಿನಕ್ಸ್ ಯಂತ್ರದಲ್ಲಿ ಸೀರಿಯಲ್ ಪೋರ್ಟ್ ಉಂಟೋ ಇಲ್ಲವೋ ಎಂಬ ಸಂಶಯ ಹುಟ್ಟಿದಾಗ, ಯಾವ ಪ್ರಮಾಣವನ್ನು ಒಪ್ಪಬೇಕೆಂಬುದೇ ಮೊದಲ ಜಗಳ. ಪ್ರತ್ಯಕ್ಷವಾದಿಗಳು ಡೆವ್ ಫೋಲ್ಡರ್ ತೆರೆದು, ಟಿಟಿವೈಎಸ್ 0ರಿಂದ 31ರವರೆಗೆ ಸಾಲಾಗಿ ನಿಂತದ್ದನ್ನು ತೋರಿಸಿ, 'ಇಗೋ, ಮೂವತ್ತೆರಡು!' ಎನ್ನುತ್ತಾರೆ. ಡಬ್ಬಿಯ ಹಿಂದೆ ನೋಡಿದರೆ ಒಂಬತ್ತು ಪಿನ್ನಿನ ಕಿಂಡಿ ಒಂದೂ ಇಲ್ಲ.

ಇಲ್ಲಿ ಸಿದ್ಧಾಂತಿಯ ಉತ್ತರ: ನಾಮರೂಪಗಳು ಕರ್ನಲ್ಲಿನ ಕಲ್ಪನೆ, ಚಿಪ್ಪೊಂದೇ ಸತ್ಯ. ಪ್ರಾಕ್ ಫೋಲ್ಡರಿನೊಳಗೆ ಟಿಟಿವೈ, ಅದರೊಳಗೆ ಡ್ರೈವರ್, ಅಲ್ಲಿರುವ ಸೀರಿಯಲ್ ಎಂಬ ಫೈಲನ್ನು ಸುಡೋ ಹಾಕಿ ಓದತಕ್ಕದ್ದು. '16550ಎ, ವಿಳಾಸ 3ಎಫ್8, ಐಆರ್‌ಕ್ಯೂ 4' ಎಂದಿದ್ದರೆ ಪೋರ್ಟು ಉಂಟು. 'ಅನ್‌ನೋನ್' ಎಂದಿದ್ದರೆ ಅದು ಮೊಲದ ಕೊಂಬು. (ಮೊಲದ ಕೊಂಬು ತುಚ್ಛವೇ ಹೊರತು ಮಿಥ್ಯೆಯಲ್ಲ ಎಂದು ಶೃಂಗೇರಿಯ ಕಡೆಯ ವಿದ್ವಾಂಸರು ಆಕ್ಷೇಪಿಸಬಹುದು. ಒಪ್ಪಿದೆ; ಕೇಬಲ್ ಮಾತ್ರ ಎರಡಕ್ಕೂ ಸಿಕ್ಕಿಸಲು ಬರುವುದಿಲ್ಲ.)

ಯುಎಸ್‌ಬಿ ಪ್ರಕರಣ ಇನ್ನೂ ತೊಡಕಿನದು. ಉಬುಂಟು 22.04ರಲ್ಲಿ ಸಿಎಚ್340 ಚಿಪ್ಪಿನ ಕೇಬಲ್ ಸಿಕ್ಕಿಸಿ ಡಿಮೆಸೇಜ್ ನೋಡಿ: ಟಿಟಿವೈಯುಎಸ್‌ಬಿ 0 ಹುಟ್ಟಿತು ಎಂಬ ಸಾಲು, ಅದರ ಬೆನ್ನಿಗೇ ಹೋಯಿತು ಎಂಬ ಸಾಲು. ಕ್ಷಣಿಕವಾದಿಗಳು ಇದನ್ನು ಕಂಡು ಜಯಪತ್ರ ಬರೆಸಿಕೊಳ್ಳಲು ಹೊರಟರು. ಅಷ್ಟರಲ್ಲಿ ಕಳ್ಳ ಸಿಕ್ಕಿದ: ಬಿಆರ್‌ಎಲ್‌ಟಿಟಿವೈ. ಬ್ರೈಲ್ ಸಾಧನಗಳಿಗೆಂದು ಇರುವ ಈ ಸದ್ಗುಣಿ ತಂತ್ರಾಂಶ, ಒಂದು ಬ್ರೈಲ್ ಸಾಧನಕ್ಕೂ ಇದೇ ಗುರುತಿನ ಸಂಖ್ಯೆ ಇರುವುದರಿಂದ, ಕಂಡ ಸಿಎಚ್340ನ್ನೆಲ್ಲ ತನ್ನದೆಂದು ಎತ್ತಿಕೊಳ್ಳುತ್ತದೆ. ಹೀಗೆ ಕುರುಡರ ನೆರವಿಗೆ ಬಂದದ್ದು ಕಣ್ಣಿದ್ದವನ ಎದುರಿಗೇ ಪೋರ್ಟನ್ನು ಮಾಯ ಮಾಡಿತು. ಬ್ರೈಲ್ ಸಾಧನ ಬಳಸದವರು ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಕ್ಷಣಿಕವಾದ ಬಿದ್ದುಹೋಗುತ್ತದೆ.

ಈಗ ಅಧಿಕಾರಿಭೇದ. ಪೋರ್ಟು ಕಾಣುತ್ತದೆ, ಮಿನಿಕಾಂ 'ಪರ್ಮಿಷನ್ ಡಿನೈಡ್' ಎನ್ನುತ್ತದೆ. ಡಯಲ್‌ಔಟ್ ಎಂಬ ಗುಂಪಿಗೆ ಸೇರದವನಿಗೆ ಪ್ರವೇಶವಿಲ್ಲ. ಆರ್ಚ್ ಮಠದಲ್ಲಿ ಈ ಗುಂಪಿನ ಹೆಸರು ಯುಯುಸಿಪಿ. ಯೂಸರ್‌ಮಾಡ್ ಎಂಬ ದೀಕ್ಷೆಯೊಂದೇ ಸಾಲದು. ಲಾಗೌಟ್ ಆಗಿ ಪುನರ್ಜನ್ಮ ಪಡೆದ ಮೇಲೆಯೇ ಫಲ. ಇಷ್ಟು ತಾಳ್ಮೆಯಿಲ್ಲದ ವಾಮಾಚಾರಿಗಳು ಸಿಎಚ್‌ಮಾಡ್ 666 ಹಾಕುತ್ತಾರೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೊಡನೆ ಅವರ ಪುಣ್ಯ ಕ್ಷಯ.

ಕೊನೆಯ ಪರೀಕ್ಷೆ: ಎರಡನೆಯ ಪಿನ್ನನ್ನೂ ಮೂರನೆಯದನ್ನೂ ಒಂದು ತುಂಡು ತಂತಿಯಿಂದ ಕೂಡಿಸಿ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ, ಒಂದು ಅಕ್ಷರ ಒತ್ತಿ. ಹೋದ ಅಕ್ಷರ ಹಿಂದಿರುಗಿ ತೆರೆಯ ಮೇಲೆ ಬಂದರೆ ಪೋರ್ಟು ಸಿದ್ಧ. ಬಾಡ್ ರೇಟು 9600 ಇರಲಿ, 1,15,200 ಇರಲಿ, ಈ ಪರೀಕ್ಷೆ ತೇರ್ಗಡೆಯೇ. ತನ್ನೊಡನೆ ತಾನೇ ಮಾತಾಡುವವನಿಗೆ ವೇಗದಲ್ಲಿ ಭಿನ್ನಾಭಿಪ್ರಾಯವೆಲ್ಲಿ? ಆ ಕಡೆ ಇನ್ನೊಂದು ಯಂತ್ರ ಬಂದ ಮೇಲಿನ ವಾಗ್ವಾದ ಮುಂದಿನ ಪಾದಕ್ಕೆ ಸೇರಿದ್ದು.